ಅವ್ವನನ್ನು ಡಾಕ್ಟರ್ ಫೋನಿನಲ್ಲೇ ನೋಡುತ್ತಾರೆ, ಅಷ್ಟು ಸಾಕಾ?

ಪ್ರಶ್ನೆ: ಡಾಕ್ಟರೇ, ನಮ್ಮ ಅವ್ವನಿಗೆ 78 ವರ್ಷ. ಹದಿನೈದು ವರ್ಷದಿಂದ ಶುಗರ್, ಬಿಪಿ ಇದೆ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಕಿವಿಯೂ ಮಂದ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಣ್ಣ ಮದ್ದೂರಿನ ಹತ್ತಿರ ಊರಲ್ಲಿ ಗದ್ದೆ ನೋಡಿಕೊಂಡಿದ್ದಾರೆ. ಅತ್ತಿಗೆಗೆ ಬೆನ್ನು ನೋವು, ಅವ್ವನನ್ನು ಎತ್ತಿ ಕೂರಿಸೋಕೆ ಆಗಲ್ಲ. ಹಾಗಾಗಿ ಕಳೆದ ವರ್ಷ ಮೈಸೂರಿನ ಬೋಗಾದಿ ಕಡೆ ಒಂದು ಆರೈಕೆ ಮನೆಗೆ ಸೇರಿಸಿದೆವು. ಆಗ ಅಲ್ಲಿಗೆ ವಾರಕ್ಕೊಮ್ಮೆ ಡಾಕ್ಟರ್ ಬರುತ್ತಿದ್ದರು. ಈಗ ತಿಂಗಳಿಗೊಮ್ಮೆ ಬರುತ್ತಾರೆ, ಉಳಿದ ದಿನ ವಿಡಿಯೋ ಕಾಲ್‌ನಲ್ಲಿ ನೋಡುತ್ತಾರೆ. ಎರಡು ತಿಂಗಳ ಹಿಂದೆ ಒಂದು ರಾತ್ರಿ ಅವ್ವ ಇದ್ದಕ್ಕಿದ್ದ ಹಾಗೆ ಬಡಬಡಿಸೋಕೆ ಶುರು ಮಾಡಿದರಂತೆ. ತೀರಿಹೋದ ಅಪ್ಪನನ್ನು ಕರೆಯುತ್ತಿದ್ದರಂತೆ. ವಿಡಿಯೋದಲ್ಲಿ ನೋಡಿದ ಡಾಕ್ಟರ್, ಮರೆವು ಜಾಸ್ತಿಯಾಗಿದೆ ಅಂತ ನಿದ್ದೆ ಮಾತ್ರೆ ಹೇಳಿದರು. ಮೂರನೇ ದಿನ ಅವ್ವ ಎಬ್ಬಿಸಿದರೂ ಏಳಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಮೂತ್ರದ ಸೋಂಕು, ಮೈಯಲ್ಲಿ ನೀರಿನಂಶ ಕಮ್ಮಿ ಅಂದರು. ಈಗ ಹುಷಾರಾಗಿ ವಾಪಸ್ ಬಂದಿದ್ದಾರೆ. ಅಣ್ಣ ಮಾತ್ರ "ಮೈ ಮುಟ್ಟದೆ ನೋಡೋರು ಎಂಥ ಡಾಕ್ಟ್ರು, ಇದೆಲ್ಲ ದುಡ್ಡು ಉಳಿಸೋ ಆಟ" ಅಂತಾರೆ. ಹೀಗೆ ನೋಡೋಕೆ ಕಾನೂನು ಒಪ್ಪುತ್ತಾ? ಅವ್ವನನ್ನು ಅಲ್ಲೇ ಇರಿಸಬೇಕಾ, ಬೇರೆ ಕಡೆ ಸೇರಿಸಬೇಕಾ? ಅಲ್ಲಿ ಬಿಟ್ಟಿದ್ದೇ ತಪ್ಪಾಯ್ತೇನೋ ಅಂತ ರಾತ್ರಿಯೆಲ್ಲ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ. ತಪ್ಪು ಮಾಡಿಲ್ಲ. ಬೆನ್ನು ನೋವಿರುವ ಸೊಸೆ ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗುವಾಗ ಇಬ್ಬರೂ ಬಿದ್ದದ್ದನ್ನು ನಾನು ನೋಡಿದ್ದೇನೆ. ಒಬ್ಬರಿಗೆ ಸೊಂಟದ ಮೂಳೆ ಮುರಿದಿತ್ತು, ಇನ್ನೊಬ್ಬರಿಗೆ ಮಣಿಕಟ್ಟು. ನೀವು ಅಣ್ಣ ತಂಗಿ ಕೂತು ಮಾತಾಡಿ, ಅವ್ವನಿಗೆ ಯಾವುದು ಕ್ಷೇಮ ಅಂತ ಯೋಚಿಸಿ ಮಾಡಿದ ತೀರ್ಮಾನ ಅದು. ಅದಕ್ಕಾಗಿ ನಿದ್ದೆಗೆಡಬೇಡಿ. ಆದರೂ ನಿದ್ದೆ ಬರದೇ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಅದು ಕಾಯಿಲೆಯವರಿಗೆ ಮಾತ್ರ ಅಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ವಯಸ್ಸಾದವರ ಕಾಯಿಲೆಗಳನ್ನೇ ನೋಡುತ್ತಾ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಇಲ್ಲಿ ಎರಡು, ಮಂಡ್ಯದಲ್ಲಿ ಒಂದು ಆರೈಕೆ ಮನೆಗೆ ಹೋಗಿಬರುತ್ತೇನೆ. ಹೋಗದ ದಿನ ವಿಡಿಯೋದಲ್ಲಿ ನೋಡುತ್ತೇನೆ. ಮಂಚದ ಪಕ್ಕ ಕೂತು ನೋಡುವುದೂ ಗೊತ್ತು, ಅಂಗೈಯಗಲದ ಪರದೆಯಲ್ಲಿ ನೋಡುವುದೂ ಗೊತ್ತು. ಎರಡರಲ್ಲೂ ಎಡವಿದ್ದೇನೆ.

ಕಾನೂನಿನ ಮಾತನ್ನು ಬೇಗ ಮುಗಿಸಿಬಿಡೋಣ. ಒಪ್ಪುತ್ತದೆ. 2020ರ ಮಾರ್ಚ್ 25ರಂದು, ಕೋವಿಡ್ ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ ನಿಯಮ ಹೊರಡಿಸಿತು. ಹಾಗಂತ ಇದು ಕೋವಿಡ್‌ನಿಂದ ಹುಟ್ಟಿದ್ದೇನಲ್ಲ. 2002ರ ಹೊತ್ತಿಗೇ ಇಸ್ರೋ ಉಪಗ್ರಹದ ಮೂಲಕ ನಮ್ಮ ಪಕ್ಕದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿತ್ತು. ದೂರದಿಂದ ರೋಗಿಯನ್ನು ನೋಡುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ.

ನಿಯಮದಲ್ಲಿ ನಿಮಗೆ ಬೇಕಾದ ಕೆಲವು ವಿಷಯ ಇವೆ. ಎದುರಿಗೆ ಕೂರಿಸಿ ನೋಡಿದ ಡಾಕ್ಟರು, ಅದೇ ಕಾಯಿಲೆಗೆ ಆರು ತಿಂಗಳೊಳಗೆ ಫೋನಿನಲ್ಲಿ ನೋಡಿದರೆ ಅದು ಮುಂದುವರಿದ ಚಿಕಿತ್ಸೆ. ಹೊಸ ತೊಂದರೆ ಬಂದರೆ, ಅಥವಾ ಆರು ತಿಂಗಳು ದಾಟಿದರೆ, ಅದನ್ನು ಮೊದಲ ಸಲ ನೋಡಿದ ಹಾಗೇ ಲೆಕ್ಕ. ಆಗ ಬರೆಯಬಹುದಾದ ಔಷಧಗಳು ಕಡಿಮೆ, ಅದರಲ್ಲೂ ಹೆಚ್ಚಿನವಕ್ಕೆ ವಿಡಿಯೋ ಬೇಕೇ ಬೇಕು. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಆ್ಯಪ್ ತಾನೇ ಔಷಧ ಬರೆಯುವಂತಿಲ್ಲ. ಮಾರ್ಫಿನ್‌ನಂಥ ನೋವಿನ ಔಷಧ, ಅಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆ ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುತ್ತವೆ. ಅವನ್ನು ಫೋನಿನಲ್ಲಿ ನೋಡಿ ಬರೆಯುವಂತಿಲ್ಲ. ನಿಮ್ಮ ಅವ್ವನಿಗೆ ಆ ರಾತ್ರಿ ಕೊಟ್ಟಿದ್ದು ಯಾವ ಮಾತ್ರೆ ಅಂತ ನೀವು ಬರೆದಿಲ್ಲ. ಅವತ್ತಿನ ಚೀಟಿ ಕೇಳಿ ಪಡೆದುಕೊಳ್ಳಿ. ಚೀಟಿಯೇ ಇಲ್ಲ, ಸುಮ್ನೆ ಬಾಯಲ್ಲಿ ಹೇಳಿದ್ದು ಅಂದರೆ ಅದು ದೊಡ್ಡ ಲೋಪ. ಅದನ್ನು ಆ ಆರೈಕೆ ಮನೆಯವರ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು.

ಈಗ ಆ ರಾತ್ರಿಯ ಮಾತು. ನಾನು ಅಲ್ಲಿರಲಿಲ್ಲ. ಇನ್ನೊಬ್ಬ ವೈದ್ಯರ ಬಗ್ಗೆ ಕೂತಲ್ಲಿಂದ ತೀರ್ಪು ಹೇಳುವುದಿಲ್ಲ. ಆದರೆ ಏನಾಗಿರಬಹುದು ಅನ್ನುವುದು ನೀವು ಬರೆದ ನಾಲ್ಕು ಸಾಲಿನಲ್ಲೇ ಕಾಣುತ್ತದೆ.

ನಮ್ಮ ಹಳಬರ ಬಾಯಲ್ಲಿ ಎರಡು ಮಾತಿದ್ದವು. ಅರಳುಮರಳು ಅಂತ ಒಂದು. ಸನ್ನಿ ಅಂತ ಇನ್ನೊಂದು. ಎರಡೂ ಬೇರೆ ಬೇರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅರಳುಮರಳು ನಿಧಾನಕ್ಕೆ ಬರುವಂಥದ್ದು. ಮೊದಲು ಕನ್ನಡಕ ಎಲ್ಲಿಟ್ಟೆ ಅಂತ ಮರೆಯುತ್ತಾರೆ, ಆಮೇಲೆ ಮೊಮ್ಮಗನ ಹೆಸರು, ಆಮೇಲೆ ಮನೆಯ ದಾರಿ. ಇದಕ್ಕೆಲ್ಲ ತಿಂಗಳು, ವರ್ಷ ಹಿಡಿಯುತ್ತದೆ. ನಾವು ಡಿಮೆನ್ಷಿಯಾ ಅನ್ನುವುದು ಇದನ್ನೇ. ಸನ್ನಿ ಹಾಗಲ್ಲ. ಬೆಳಿಗ್ಗೆ ಸರಿಯಾಗಿದ್ದವರು ಸಂಜೆ ಹೊತ್ತಿಗೆ ಬೇರೆಯೇ ಮನುಷ್ಯರಾಗಿರುತ್ತಾರೆ. ಗೋಡೆ ಮೇಲೆ ಏನೋ ಹರಿಯುತ್ತಿದೆ ಅನ್ನುತ್ತಾರೆ, ಸತ್ತವರನ್ನು ಕರೆಯುತ್ತಾರೆ, ಒಂದು ಗಂಟೆ ಬಿಟ್ಟು ಮತ್ತೆ ಸರಿಯಾಗಿ ಮಾತಾಡುತ್ತಾರೆ. ನಾವು ಇದಕ್ಕೆ ಡೆಲಿರಿಯಂ ಅನ್ನುತ್ತೇವೆ. ಕೆಲವರು ಬಡಬಡಿಸುವುದೇ ಇಲ್ಲ. ಸುಮ್ಮನೆ ಮಂಕಾಗಿ ಮಲಗಿಬಿಡುತ್ತಾರೆ. ಅದು ಇನ್ನೂ ಅಪಾಯ, ಯಾಕೆಂದರೆ "ಅಜ್ಜಿ ಇವತ್ತು ಸಮಾಧಾನವಾಗಿದ್ದಾರೆ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಸನ್ನಿಯೇ ಒಂದು ಕಾಯಿಲೆ ಅಲ್ಲ. ಮೈಯಲ್ಲಿ ಬೇರೇನೋ ಕೆಟ್ಟಿದೆ ಅಂತ ಮೆದುಳು ಕೂಗಿ ಹೇಳುವುದು ಅದು. ಮೂತ್ರದ ಸೋಂಕು ಇರಬಹುದು, ನ್ಯುಮೋನಿಯಾ ಇರಬಹುದು. ಶುಗರ್ ಇಳಿದಿರಬಹುದು. ರಕ್ತದಲ್ಲಿ ಸೋಡಿಯಂ ಕಡಿಮೆ ಆಗಿರಬಹುದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೇ ಹಾಗಾಗುವುದುಂಟು. ನಾಲ್ಕು ದಿನ ಮೋಶನ್ ಆಗದಿದ್ದರೂ, ಮೂತ್ರ ಕಟ್ಟಿಕೊಂಡರೂ, ಹೊಸ ಮಾತ್ರೆ ಶುರು ಮಾಡಿದ್ದಕ್ಕೂ ಸನ್ನಿ ಬರುತ್ತದೆ. ಈಗಾಗಲೇ ಮರೆವು ಇರುವವರಿಗೆ ಇದು ಬೇಗ ಬರುತ್ತದೆ, ಹಾಗಾಗಿ ಎರಡನ್ನೂ ಒಂದೇ ಅಂದುಕೊಳ್ಳುವ ತಪ್ಪು ಸುಲಭವಾಗಿ ಆಗುತ್ತದೆ. ಇನ್ನೊಂದು ವಿಷಯ, ವಯಸ್ಸಾದವರಿಗೆ ಸೋಂಕಾದರೂ ಎಷ್ಟೋ ಸಲ ಜ್ವರ ಬರುವುದಿಲ್ಲ. ಉರಿ ಅಂತ ಹೇಳುವುದಕ್ಕೂ ಆಗುವುದಿಲ್ಲ. ಮಾತು ತಪ್ಪುವುದೊಂದೇ ಲಕ್ಷಣ.

ಇಂಥ ಹೊತ್ತಿನಲ್ಲಿ ನಿದ್ದೆ ಮಾತ್ರೆ ಕೊಟ್ಟರೆ ಕೂಗು ನಿಲ್ಲುತ್ತದೆ. ಒಳಗಿನ ಕಾಯಿಲೆ ನಿಲ್ಲುವುದಿಲ್ಲ. ಮಂಪರಿನಲ್ಲಿ ಅವರು ನೀರು ಕುಡಿಯುವುದಿಲ್ಲ, ಊಟ ಮಾಡುವುದಿಲ್ಲ, ಸೋಂಕು ಏರುತ್ತದೆ. ಮೂರನೇ ದಿನ ಏಳುವುದಿಲ್ಲ. ನಿಮ್ಮ ಅವ್ವನಿಗೂ ಹೀಗೇ ಆಗಿರಬಹುದು ಅಂತ ನನಗನ್ನಿಸುತ್ತದೆ.

ಹಾಗಾದರೆ ತಪ್ಪು ವಿಡಿಯೋದ್ದಾ? ನಿಮ್ಮ ಅಣ್ಣ ಹೌದು ಅನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪಕ್ಕದಲ್ಲೇ ನಿಂತು ನೋಡಿದ ಡಾಕ್ಟರೂ ಇದೇ ತಪ್ಪು ಮಾಡಿದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ರಾತ್ರಿ ಬೇಕಾಗಿದ್ದು ಐದಾರು ಪ್ರಶ್ನೆ. ಯಾವಾಗಿಂದ ಹೀಗೆ? ನಿನ್ನೆ ಹೇಗಿದ್ದರು? ಶುಗರ್ ಎಷ್ಟಿದೆ? ಇವತ್ತು ಎಷ್ಟು ಸಲ ಮೂತ್ರ ಹೋಯಿತು, ಬಣ್ಣ ಹೇಗಿತ್ತು? ಮೋಶನ್ ಯಾವತ್ತು ಆಗಿತ್ತು? ಈ ವಾರ ಯಾವುದಾದರೂ ಮಾತ್ರೆ ಹೊಸದಾಗಿ ಶುರುವಾಯಿತಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದು. ಬೆಳಿಗ್ಗೆ ಮೂತ್ರ, ರಕ್ತ ಪರೀಕ್ಷೆಗೆ ಕಳಿಸಿ ಅಂತಲೂ ಫೋನಿನಲ್ಲೇ ಹೇಳಬಹುದು. ಒಂದು ಎಚ್ಚರ ಮಾತ್ರ ಬೇಕು. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಸೋಂಕಿನ ತೊಂದರೆ ಇಲ್ಲದೆಯೂ ಬ್ಯಾಕ್ಟೀರಿಯಾ ಕಾಣಿಸುವುದುಂಟು. ಹಾಗಾಗಿ ರಿಪೋರ್ಟ್ ಒಂದನ್ನೇ ನೋಡಿ ಆ್ಯಂಟಿಬಯೋಟಿಕ್ ಶುರು ಮಾಡುವುದೂ ಸರಿಯಲ್ಲ. ಮನುಷ್ಯರನ್ನೂ ರಿಪೋರ್ಟನ್ನೂ ಜೊತೆಗಿಟ್ಟು ನೋಡಬೇಕು.

ಪ್ರಶ್ನೆ ಕೇಳುವುದು ಡಾಕ್ಟರ ಕೆಲಸ. ಉತ್ತರ ಹೇಳುವುದಕ್ಕೆ ಪಕ್ಕದಲ್ಲಿ ಯಾರಿದ್ದಾರೆ? ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದು. ಪರದೆಯ ಆಚೆ ಇರುವ ಡಾಕ್ಟರಿಗೆ ಕೈ ಇಲ್ಲ. ಮಂಚದ ಪಕ್ಕ ಫೋನ್ ಹಿಡಿದು ನಿಂತಿರುವ ಸಿಸ್ಟರ್, ಆಯಾ, ಇವರ ಕೈಯೇ ಅವರ ಕೈ, ಇವರ ಕಣ್ಣೇ ಅವರ ಕಣ್ಣು. ಆ ಕೈ ಪಳಗಿದ್ದರೆ ವಿಡಿಯೋ ಚೆನ್ನಾಗಿ ನಡೆಯುತ್ತದೆ. ಇಲ್ಲದಿದ್ದರೆ ಎಷ್ಟು ದೊಡ್ಡ ಡಾಕ್ಟರ್ ಕೂತರೂ ಅಷ್ಟೇ.

ಮಂಡ್ಯದ ಮನೆಯಲ್ಲಿ ಒಬ್ಬ ಆಯಾ ಇದ್ದಾರೆ. ಏಳನೇ ಕ್ಲಾಸು ಓದಿದವರು. ಒಂದು ಸಂಜೆ ಸಿಸ್ಟರ್ ಕೈಯಿಂದ ಫೋನ್ ಇಸಿದುಕೊಂಡು ನನಗೆ ಹೇಳಿದರು, "ಸರ್, ಅಜ್ಜಿ ಇವತ್ತು ಕಾಫಿ ಬ್ಯಾಡ ಅಂದ್ರು." ಬಿಪಿ ಸರಿ ಇತ್ತು. ಜ್ವರ ಇರಲಿಲ್ಲ. ಅಜ್ಜಿ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಆದರೆ ಆ ಅಜ್ಜಿ ದಿನಾ ನಾಲ್ಕೂವರೆಗೆ ಲೋಟ ಹಿಡಿದು ಕಾಯುವವರು. ಅದು ಗೊತ್ತಿದ್ದದ್ದು ಆಯಾಗೆ ಮಾತ್ರ. ಶುಗರ್ ನೋಡಿ ಅಂದೆ. 54 ಇತ್ತು. ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟಿದ್ದರು, ಮಾತ್ರೆ ಮಾತ್ರ ಪೂರ್ತಿ ಹೋಗಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರು. ಏರಿತ್ತು. ಆದರೂ ರಾತ್ರಿ ಪೂರ್ತಿ ಎರಡು ಗಂಟೆಗೊಮ್ಮೆ ನೋಡಿ ಅಂದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಒಮ್ಮೆ ಏರಿದ ಶುಗರ್ ಮತ್ತೆ ಇಳಿಯಬಹುದು. ನಿಮ್ಮ ಅವ್ವನ ಮಾತ್ರೆಗಳಲ್ಲಿ ಈ ಜಾತಿಯದ್ದು ಇದೆಯಾ ಅಂತ ನೋಡಿಸಿ. ಇದ್ದರೆ, ಊಟ ಬಿಟ್ಟ ಹೊತ್ತು ಏನು ಮಾಡಬೇಕು ಅಂತ ಡಾಕ್ಟರಿಂದ ಬರೆಸಿ ಅಲ್ಲೇ ಅಂಟಿಸಿಡಲಿ.

ಇನ್ನು ನನ್ನ ತಪ್ಪು. ಒಬ್ಬ ಹಿರಿಯರಿಗೆ ಕೆಮ್ಮು ಅಂತ ಕಾಲ್ ಬಂತು. ಡಿಸೆಂಬರ್ ತಿಂಗಳು, ಚಳಿ. ಅವರು ಕುತ್ತಿಗೆವರೆಗೂ ಶಾಲು ಹೊದ್ದು ಕೂತಿದ್ದರು. ಮಾತು ಚೆನ್ನಾಗಿತ್ತು, ನನ್ನ ಮನೆಯವರನ್ನೆಲ್ಲ ವಿಚಾರಿಸಿದರು. ಕೆಮ್ಮಿನ ಔಷಧ ಹೇಳಿ ಮುಗಿಸಿದೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಎದೆಯ ಬಲಭಾಗ ಪೂರ್ತಿ ನ್ಯುಮೋನಿಯಾ. ಶಾಲಿನ ಒಳಗೆ ಅವರು ನಿಮಿಷಕ್ಕೆ ಮೂವತ್ತು ಸಲ ಉಸಿರಾಡುತ್ತಿದ್ದರೋ ಏನೋ, ನಾನು ಎಣಿಸಲೇ ಇಲ್ಲ. ಅವರು ಉಳಿದರು. ಆದರೆ ಅವತ್ತಿನಿಂದ ಶಾಲು ತೆಗೆಸದೆ, ಒಂದು ಪೂರ್ತಿ ನಿಮಿಷ ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸದೆ ಯಾವ ಕೆಮ್ಮಿಗೂ ನಾನು ಔಷಧ ಹೇಳಿಲ್ಲ. ನಿಮಿಷಕ್ಕೆ 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಫೋನ್ ಇಟ್ಟು ಆಸ್ಪತ್ರೆಗೆ ಹೊರಡಿ ಅನ್ನುತ್ತೇನೆ.

ಅಮೆರಿಕದಲ್ಲೂ ಇದನ್ನೇ ಕಂಡಿದ್ದಾರೆ. ಅಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮ ಹಾಗೆ ಸಣ್ಣ ಆಸ್ಪತ್ರೆ ಅಲ್ಲ, ವಯಸ್ಸಾದವರು ಉಳಿದುಕೊಳ್ಳುವ ಆರೈಕೆ ಮನೆ. ಮ್ಯಾಸಚೂಸೆಟ್ಸ್ ರಾಜ್ಯದ ಇಂಥ 11 ಮನೆಗಳ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ರಾತ್ರಿ ಹೊತ್ತು, ಶನಿವಾರ ಭಾನುವಾರ ವಿಡಿಯೋ ಡಾಕ್ಟರ ವ್ಯವಸ್ಥೆ ಕೊಟ್ಟರು. ಎಲ್ಲಿ ಸಿಬ್ಬಂದಿ ಅದನ್ನು ಮನಸಿಟ್ಟು ಬಳಸಿದರೋ ಅಲ್ಲಿ ಆಸ್ಪತ್ರೆಗೆ ಸಾಗಿಸುವುದು ಕಡಿಮೆಯಾಯಿತು. ಉಪಕರಣ ಇದ್ದೂ ಅಷ್ಟಾಗಿ ಬಳಸದ ಮನೆಗಳಲ್ಲಿ ಆ ಲಾಭ ಕಾಣಲಿಲ್ಲ.

ಆಸ್ಪತ್ರೆಗೆ ಸಾಗಿಸುವುದು ಕಡಿಮೆಯಾದರೆ ಅದೇನು ಲಾಭ ಅಂತ ಅಣ್ಣ ಕೇಳಬಹುದು. ಮರೆವಿರುವ ಅಜ್ಜಿಯನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ, ಆಂಬುಲೆನ್ಸ್ ಹತ್ತಿಸಿ, ದೀಪ ಉರಿಯುವ ವಾರ್ಡಿನಲ್ಲಿ ಗುರುತಿಲ್ಲದವರ ಮಧ್ಯೆ ಮಲಗಿಸಿದರೆ ಅದರಿಂದಲೇ ಸನ್ನಿ ಬರುತ್ತದೆ. ನಾಲ್ಕು ದಿನ ಮಂಚದಲ್ಲೇ ಇದ್ದರೆ ಕಾಲಿನ ಶಕ್ತಿ ಇಳಿಯುತ್ತದೆ. ನಡೆದುಕೊಂಡು ಹೋದವರು ಗಾಲಿ ಕುರ್ಚಿಯಲ್ಲಿ ವಾಪಸ್ ಬರುತ್ತಾರೆ. ಆಸ್ಪತ್ರೆ ಬೇಕಾದಾಗ ಹೋಗಲೇಬೇಕು. ಬೇಡದಾಗ ಹೋಗುವುದೂ ಒಂದು ಪೆಟ್ಟೇ. ಇಲ್ಲೇ ನೋಡಿ, ಜಂಬೂ ಸವಾರಿಯ ದಿನ ಅರಮನೆ ಸುತ್ತಲ ರಸ್ತೆಗಳಲ್ಲಿ ನಾನು ಕಾರು ಹೊರಗೆ ತೆಗೆಯುವುದಕ್ಕೇ ಆಗುವುದಿಲ್ಲ. ಆವತ್ತು ವಿಡಿಯೋ ಇಲ್ಲದಿದ್ದರೆ ನನ್ನ ಅಜ್ಜ ಅಜ್ಜಿಯರನ್ನು ಯಾರೂ ನೋಡುತ್ತಿರಲಿಲ್ಲ.

ಯಾವುದಕ್ಕೆ ವಿಡಿಯೋ ಸಾಕು, ಯಾವುದಕ್ಕೆ ಸಾಲದು? ಶುಗರ್, ಬಿಪಿಯ ಲೆಕ್ಕ ನೋಡಿ ಮಾತ್ರೆ ಸರಿಪಡಿಸುವುದು, ರಿಪೋರ್ಟ್ ಓದುವುದು, ಚರ್ಮದ ಗಂಧೆ, ಮನೋವೈದ್ಯರ ಸಲಹೆ, ಬೆಂಗಳೂರಿನಲ್ಲಿರುವ ಮಗಳನ್ನೂ ಸೇರಿಸಿಕೊಂಡು ಮುಂದಿನ ಚಿಕಿತ್ಸೆ ಮಾತಾಡುವುದು, ಇವೆಲ್ಲ ವಿಡಿಯೋದಲ್ಲಿ ಚೆನ್ನಾಗಿಯೇ ಆಗುತ್ತವೆ. ಕಾಲು ಊದಿದೆಯಾ ಅಂತಲೂ ನೋಡಬಹುದು. ಸಿಸ್ಟರ್ ಹೆಬ್ಬೆರಳಿನಿಂದ ಕಣಕಾಲಿನ ಮೇಲೆ ಐದು ಎಣಿಸುವವರೆಗೆ ಒತ್ತಿ ಹಿಡಿದು ಬಿಡಬೇಕು, ಗುಳಿ ಉಳಿದರೆ ಕ್ಯಾಮೆರಾದಲ್ಲೇ ಕಾಣುತ್ತದೆ. ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿದೆ ಅನ್ನುವ ಅನುಮಾನವೂ ಪರದೆಯಲ್ಲೇ ಬರುತ್ತದೆ. ಅಂಥವರನ್ನು ಎದ್ದು ನಿಲ್ಲಿಸಲೇಬಾರದು.

ಹೊಟ್ಟೆ ನೋವಿಗೆ ಮಾತ್ರ ಕೈ ಇಟ್ಟು ನೋಡಬೇಕು. ಎದೆ ಶಬ್ದ ಕೇಳಬೇಕು. ಬೆಡ್ ಸೋರ್ ಎಷ್ಟು ಆಳ ಅನ್ನುವುದು, ಅದರ ವಾಸನೆ, ಫೋಟೋದಲ್ಲಿ ಬರುವುದಿಲ್ಲ. ಮುಖ ಓರೆಯಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಅಲ್ಲಿ ವಿಡಿಯೋ ಕಾಲ್ ಮಾಡುತ್ತಾ ಕೂರಬಾರದು. ಎದೆ ನೋವು, ಎಬ್ಬಿಸಿದರೂ ಏಳದಿರುವುದು, ತಲೆಗೆ ಪೆಟ್ಟು ಬಿದ್ದು ರಕ್ತ ತೆಳು ಮಾಡುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುವುದು, ಆಕ್ಸಿಜನ್ 90ಕ್ಕಿಂತ ಕೆಳಗಿಳಿಯುವುದು, ಇವಕ್ಕೆಲ್ಲ 108. ಏಳದಿರುವವರ ಬಾಯಿಗೆ ನೀರು, ಸಕ್ಕರೆ ಏನೂ ಹಾಕಬಾರದು.

ಈಗ ನಿಮ್ಮ ಮುಂದಿರುವ ದಾರಿಗಳು. ಅಲ್ಲೇ ಇರಿಸಿ, ಈಗಿನ ವ್ಯವಸ್ಥೆಯನ್ನು ಬಿಗಿ ಮಾಡಿಸುವುದು ಒಂದು. ನನ್ನ ಮನಸ್ಸು ಇದರ ಕಡೆಗೇ ಇದೆ, ಯಾಕೆಂದರೆ ಮರೆವಿರುವವರಿಗೆ ಜಾಗ ಬದಲಾಯಿಸುವುದೇ ದೊಡ್ಡ ಆಘಾತ. ಅವ್ವನಿಗೆ ಈಗ ಆ ಕಿಟಕಿ, ಆ ಮಂಚ, ಆ ಮುಖಗಳು ರೂಢಿಯಾಗಿವೆ. ಆದರೆ ತಿಂಗಳಿಗೊಮ್ಮೆ ಡಾಕ್ಟರ್ ಬರುವುದು ನಿಮ್ಮ ಅವ್ವನಂಥವರಿಗೆ ಸಾಲದು. ಮರೆವು, ಶುಗರ್, ಈಗಷ್ಟೇ ಆಸ್ಪತ್ರೆಯಿಂದ ಬಂದವರು. ಹದಿನೈದು ದಿನಕ್ಕೊಮ್ಮೆಯಾದರೂ ಯಾರಾದರೂ ಮೈ ಮುಟ್ಟಿ ನೋಡಲೇಬೇಕು, ಬೆನ್ನು, ಹಿಮ್ಮಡಿ ತಿರುಗಿಸಿ ನೋಡಬೇಕು. ಇಷ್ಟರ ಮಟ್ಟಿಗೆ ಅಣ್ಣನ ಮಾತು ಸರಿಯೇ. ಆರೈಕೆ ಮನೆಯವರು ಒಪ್ಪದಿದ್ದರೆ ಆ ಬಡಾವಣೆಯಲ್ಲೇ ಇರುವ ಒಬ್ಬ ಡಾಕ್ಟರನ್ನು ನೀವೇ ಗೊತ್ತು ಮಾಡಬಹುದು. ಅದರಲ್ಲಿ ಒಂದು ಅಪಾಯ ಇದೆ. ಇಬ್ಬರು ಡಾಕ್ಟರು, ಎರಡು ಚೀಟಿ. ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತದೆ. ಹೀಗೆ ಬಿಪಿ ಮಾತ್ರೆ ಡಬಲ್ ಆಗಿ ಬಚ್ಚಲಲ್ಲಿ ತಲೆ ತಿರುಗಿ ಬಿದ್ದವರನ್ನು ನೋಡಿದ್ದೇನೆ. ಮಾತ್ರೆಗಳ ಪಟ್ಟಿ ಒಂದೇ ಇರಬೇಕು, ಒಂದೇ ಫೈಲಿನಲ್ಲಿ ಇರಬೇಕು, ಇಬ್ಬರೂ ಅದನ್ನೇ ನೋಡಿ ಬರೆಯಬೇಕು.

ಫೋನಿನಲ್ಲೇ ಡಾಕ್ಟರನ್ನು ಕಾಣುವ ಸರ್ಕಾರದ ಇ-ಸಂಜೀವನಿ ಸೇವೆ ಉಚಿತವಾಗಿದೆ. ಕೆಮ್ಮು ನೆಗಡಿ, ಚರ್ಮದ ತೊಂದರೆ, ರಿಪೋರ್ಟ್ ತೋರಿಸುವುದು, ಇದಕ್ಕೆ ಒಳ್ಳೆಯದು. ಆದರೆ ಪ್ರತಿ ಸಲ ಅದೇ ಡಾಕ್ಟರ್ ಸಿಗುತ್ತಾರೆ ಅಂತ ಇಲ್ಲ. ಅವ್ವನನ್ನು ನಿನ್ನೆ ನೋಡಿದವರೇ ಇವತ್ತೂ ನೋಡುವುದು ಬಹಳ ಮುಖ್ಯ. ಊರಿಗೆ ವಾಪಸ್ ಕರೆದುಕೊಂಡು ಹೋಗುವುದಾದರೆ ಹಗಲು ರಾತ್ರಿ ಎತ್ತಿ ಇಳಿಸುವ ಇಬ್ಬರು ಬೇಕು. ಅತ್ತಿಗೆಯ ಬೆನ್ನಿನ ಮೇಲೆ ಆ ಭಾರ ಹಾಕಬೇಡಿ. ಬೇರೆ ಆರೈಕೆ ಮನೆ ಅನ್ನುವುದು ಕೊನೆಯ ದಾರಿ. ಅದನ್ನು ಈ ಮನೆಯವರು ನಿಮ್ಮ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದನ್ನು ನೋಡಿ ತೀರ್ಮಾನಿಸಿ. ಕೇಳಿದ್ದಕ್ಕೆ ರೇಗಿದರೆ, ಅಥವಾ ಅವ್ವನ ಆರೈಕೆಯಲ್ಲೇ ಅಸಡ್ಡೆ ಕಂಡರೆ, ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಹೇಳಬಹುದು.

ಏನು ಕೇಳಬೇಕು ಅಂತೀರಾ? ಆ್ಯಪ್ ಯಾವುದು, ಕ್ಯಾಮೆರಾ ಎಷ್ಟು ಒಳ್ಳೇದು ಅಂತ ಕೇಳಬೇಡಿ. ಒಂದು ದಿನ ರಾತ್ರಿ ಊಟದ ಹೊತ್ತಿಗೆ ಹೋಗಿ. ರಾತ್ರಿ ಡ್ಯೂಟಿಯಲ್ಲಿ ಇರುವವರು ಯಾರು ಅಂತ ನೋಡಿ. ಆವತ್ತು ಅವ್ವ ಬಡಬಡಿಸಿದ್ದು ರಾತ್ರಿಯೇ ಅಲ್ವಾ? ಅವ್ವನ ಶುಗರ್, ಬಿಪಿ ಈಗ ನೋಡಿ ತೋರಿಸ್ತೀರಾ ಅಂತ ಅವರನ್ನೇ ಪ್ರೀತಿಯಿಂದ ಕೇಳಿ. ಮಷಿನ್ ಎಲ್ಲಿದೆ ಅಂತ ಹುಡುಕಿದರೆ, ಬ್ಯಾಟರಿ ಇಲ್ಲದಿದ್ದರೆ, ಶುಗರ್ ಸ್ಟ್ರಿಪ್‌ನ ದಿನಾಂಕ ಮುಗಿದಿದ್ದರೆ ನಿಮಗೇ ಗೊತ್ತಾಗುತ್ತದೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸುತ್ತಾರಾ, ಸ್ವೆಟರ್ ಮೇಲೇ ಪಟ್ಟಿ ಸುತ್ತುತ್ತಾರಾ ಗಮನಿಸಿ. ಆಕ್ಸಿಜನ್ ನೋಡುವ ಕ್ಲಿಪ್ಪನ್ನು ತಣ್ಣಗಿರುವ ಬೆರಳಿಗೆ ಹಾಕಿದರೆ ಲೆಕ್ಕ ತಪ್ಪು ಬರುತ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿ ಹಾಕಬೇಕು. ಇದು ಗೊತ್ತಿರುವ ಸಿಸ್ಟರ್ ಇದ್ದರೆ ಅರ್ಧ ಚಿಂತೆ ಬಿಡಿ. ಗೊತ್ತಿಲ್ಲದಿದ್ದರೆ ಕಲಿಸುವುದು ಕಷ್ಟವೂ ಅಲ್ಲ. ಒಂದು ಮಧ್ಯಾಹ್ನ ಸಾಕು. ನಾನು ಹೋಗುವ ಮನೆಗಳಲ್ಲಿ ಆಯಾಗಳಿಗೇ ಕಲಿಸಿದ್ದೇನೆ. ಅವರು ನಮ್ಮ ಮನೆಯ ಹುಡುಗರಿಗಿಂತ ಚೆನ್ನಾಗಿ ನೋಡುತ್ತಾರೆ.

ನೀವು ಮಾಡಬೇಕಾದ ಕೆಲಸವೂ ಇದೆ. ಅವ್ವ ಚೆನ್ನಾಗಿರುವ ಒಂದು ದಿನ, ಎರಡು ನಿಮಿಷದ ವಿಡಿಯೋ ತೆಗೆಯಿರಿ. ಅವರು ತಮ್ಮ ಹೆಸರು, ಊರಿನ ಹೆಸರು ಹೇಳಲಿ, ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಲೋಟ ಹಿಡಿದು ನೀರು ಕುಡಿಯಲಿ. ಅದನ್ನು ಆ ಮನೆಯ ಫೋನಿನಲ್ಲಿ ಇಟ್ಟಿರಲಿ. ರಾತ್ರಿ ಎರಡು ಗಂಟೆಗೆ ಅವ್ವನನ್ನು ಮೊದಲ ಸಲ ಪರದೆಯಲ್ಲಿ ನೋಡುವ ಡಾಕ್ಟರಿಗೆ, ಇವರು ದಿನಾ ಹೇಗಿರುತ್ತಾರೆ ಅನ್ನುವುದು ಆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಎರಡು ತಿಂಗಳ ಹಿಂದೆ ಆ ವಿಡಿಯೋ ಇದ್ದಿದ್ದರೆ, ಇದು ಹಳೇ ಮರೆವಲ್ಲ, ಇವತ್ತು ಶುರುವಾದದ್ದು ಅಂತ ಆ ಡಾಕ್ಟರಿಗೂ ಹೊಳೆಯುತ್ತಿತ್ತೇನೋ.

ಅದರ ಜೊತೆ ಒಂದು ಕಾಗದವನ್ನೂ ಫೈಲಿಗೆ ಹಾಕಿ. ಅವ್ವನಿಗೆ ತಾವೇ ಒಪ್ಪಿಗೆ ಕೊಡುವಷ್ಟು ತಿಳಿವಳಿಕೆ ಇಲ್ಲದ ಹೊತ್ತಿನಲ್ಲಿ ಡಾಕ್ಟರು ನಿಮ್ಮ ಜೊತೆ, ಅಣ್ಣನ ಜೊತೆ ಮಾತಾಡಬಹುದು ಅಂತ ಇಬ್ಬರೂ ಸಹಿ ಹಾಕಿಕೊಡಿ. ಆರೈಕೆ ಮನೆಯವರೇ ಕಾಲ್ ಮಾಡಿದಾಗ ರೋಗಿಯ ಕಡೆಯ ಒಪ್ಪಿಗೆಯನ್ನು ಡಾಕ್ಟರು ಸ್ಪಷ್ಟವಾಗಿ ಪಡೆದು ಬರೆದಿಟ್ಟುಕೊಳ್ಳಬೇಕು ಅಂತ ನಿಯಮವೇ ಇದೆ. ಹಾಗೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಗಾಯದ ಫೋಟೋ, ಬಟ್ಟೆ ಸರಿಸಿ ತೆಗೆದ ಫೋಟೋಗಳನ್ನು ಡಾಕ್ಟರಿಗೆ ಮಾತ್ರ ಕಳಿಸಲಿ. ನೆಂಟರ ವಾಟ್ಸ್ಯಾಪ್ ಗುಂಪಿಗೆ ಹಾಕುವುದು ಬೇಡ. ಮರೆವಿದ್ದರೂ ಅವ್ವನಿಗೆ ಮಾನ ಇದೆ.

ಕೊನೆಗೆ ಅವ್ವನ ಕಿವಿ. ನೀವು ಇದನ್ನು ಒಂದೇ ಮಾತಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇದು ಸಣ್ಣದು ಅನ್ನಿಸಲಿಲ್ಲ. ಕೇಳಿಸದವರಿಗೆ ಫೋನಿನ ಡಾಕ್ಟರ್ ಅಂದರೆ ಬಾಯಿ ಆಡಿಸುವ ಒಂದು ಮುಖ, ಅಷ್ಟೇ. ಅವರು ಉತ್ತರ ಹೇಳದಿದ್ದರೆ ಮರೆವು ಜಾಸ್ತಿಯಾಗಿದೆ ಅಂತ ನಾವು ಬರೆದುಬಿಡುತ್ತೇವೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಿಮ್ಮ ಅವ್ವ ಇರುವುದು ಅದರ ಪಕ್ಕದಲ್ಲೇ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದೆಯಾ ನೋಡಿಸಿ, ಎಷ್ಟೋ ಸಲ ಅಷ್ಟೇ ಇರುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ, ಬೇಕು ಅಂದರೆ ಶ್ರವಣ ಯಂತ್ರ ಹಾಕಿಸಿ. ಹಾಕಿಸಿದ ಮೇಲೆ ಫೋನಿನಲ್ಲಿ ಮೊದಲು ಡಾಕ್ಟರ್ ಮಾತಾಡುವುದು ಬೇಡ. ನೀವು ಮಾತಾಡಿ. ದಿನಾ ಸಂಜೆ ಒಂದೇ ಹೊತ್ತಿಗೆ, ಆಯಾ ಫೋನನ್ನು ಅವ್ವನ ಮುಖದ ನೇರಕ್ಕೆ ಹಿಡಿದುಕೊಳ್ಳಲಿ, ನಿಮ್ಮ ಮುಖದ ಮೇಲೆ ಬೆಳಕು ಬೀಳುವ ಹಾಗೆ ಕೂತುಕೊಂಡು, ನಿಧಾನಕ್ಕೆ, ಊಟ ಆಯ್ತಾ ಅವ್ವ ಅಂತ ಕೇಳಿ. ಒಂದು ವಾರ ಹಾಗೆ ಮಾಡಿದ ಮೇಲೆ ಡಾಕ್ಟರ ಕಾಲ್ ಇಡಿಸಿ.